ಅತ್ತೆಯ ರಾಜ ಪರಿಶೀಲನೆಯಲ್ಲಿದ್ದಾನೆ

ನಮ್ಮತ್ತೆ ಚದುರಂಗದಲ್ಲಿ ಯಾರಿಗೂ ಸೋತವರಲ್ಲ! ಮನೆಯವರು ಅಂತ ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ, ಮೊಬೈಲಿನಲ್ಲಿ ದಾಖಲೆಯೇ ಇತ್ತು. ಆ ಚದುರಂಗದ ಆ್ಯಪಿನಲ್ಲಿ ಅವರ ಹೆಸರು ಒತ್ತಿದರೆ ಒಂದು ಪುಟ ತೆರೆದುಕೊಳ್ಳುತ್ತಿತ್ತು. ಅಲ್ಲಿ ‘ಸೋಲು’ ಎಂಬುದರ ಎದುರು ದುಂಡನೆಯ ಒಂದು ಸೊನ್ನೆ. ಆ ಸೊನ್ನೆಯನ್ನು ಅವರು ಹಾಲಿನವನಿಗೆ, ಲಿಫ್ಟಿನಲ್ಲಿ ಸಿಕ್ಕವರಿಗೆ, ಪಿಂಚಣಿ ವಿಚಾರಿಸಲು ಹೋದಾಗ ಬ್ಯಾಂಕಿನ ಮ್ಯಾನೇಜರಿಗೆ, ಎಲ್ಲರಿಗೂ ತೋರಿಸಿದ್ದಾರೆ. ಪಕ್ಕದಲ್ಲೇ ‘ಗೆಲುವು’ ಎಂಬುದರ ಎದುರೂ ಅಷ್ಟೇ ದುಂಡನೆಯ ಇನ್ನೊಂದು ಸೊನ್ನೆ ಇತ್ತು. ತೋರಿಸುವಾಗ ಅದರ ಮೇಲೆ ಮಾತ್ರ ಅವರ ಹೆಬ್ಬೆರಳು ಕೂತಿರುತ್ತಿತ್ತು.

ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನಗಿನ್ನೂ ಮದುವೆಯಾಗಿಲ್ಲ. ನಮ್ಮಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಟೈಪಿಂಗ್ ಪರೀಕ್ಷೆ ಪಾಸು ಮಾಡಿ, ತುಮಕೂರಿನಿಂದ ದಿಲ್ಲಿಯ ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಬಂದವರು. ಮದುವೆ ಮತ್ತು ಊರಿನ ಕಡೆಗೆ ವರ್ಗಾವಣೆ, ಎರಡನ್ನೂ ‘ಮುಂದೆ ನೋಡೋಣ’ ಎಂದು ಮುಂದೂಡುತ್ತಾ ಮುಂದೂಡುತ್ತಾ ಅಲ್ಲೇ ನಿವೃತ್ತರಾದರು. ಈಗ ದಿಲ್ಲಿಗೆ ಅಂಟಿಕೊಂಡ ಘಾಜಿಯಾಬಾದಿನಲ್ಲಿ ನಾಲ್ಕನೇ ಮಹಡಿಯ ಸಣ್ಣ ಫ್ಲ್ಯಾಟು, ಬಾಲ್ಕನಿಯಲ್ಲಿ ಒಂದು ಕರಿಬೇವಿನ ಗಿಡ, ಒಬ್ಬರೇ ವಾಸ. ನಾನು ದಿಲ್ಲಿಯ ಮುನಿರ್ಕಾದ ಓಣಿಯೊಂದರಲ್ಲಿ ಬಾಡಿಗೆ ಕೋಣೆ ಹಿಡಿದು ಗುರುಗ್ರಾಮದ ಕಂಪನಿಯೊಂದಕ್ಕೆ ಹೋಗಿಬರುವವಳು. ವಾರವಿಡೀ ರಾಜ್ಮಾ ಅನ್ನ ತಿಂದ ನಾಲಿಗೆಗೆ ಭಾನುವಾರ ಅತ್ತೆಯ ಮನೆಯ ಹುಳಿಯೇ ಗತಿ. ಹಾಗಾಗಿ ಭಾನುವಾರ ಬೆಳಿಗ್ಗೆ ಎದ್ದರೆ ಮೆಟ್ರೋ ಹಿಡಿದು ಯಮುನೆ ದಾಟುವುದೇ ಕೆಲಸ.

ಆ ಆ್ಯಪ್ ಹಾಕಿಕೊಟ್ಟವಳೂ ನಾನೇ. ಸೊಸೈಟಿಯ ಪಾರ್ಕಿನಲ್ಲಿ ಸಂಜೆ ಹೆಂಗಸರೆಲ್ಲ ಸೇರುತ್ತಾರೆ, ಹೋಗಿ ಕೂತುಕೊಳ್ಳಬಾರದೇ ಎಂದು ನಾನು ಕೇಳಿದ್ದೆ.

“ಹೋಗಿದ್ದೆ ಕಣೇ. ಅಲ್ಲಿ ಸೊಸೆ ವಿಷಯ ಬಿಟ್ಟು ಬೇರೆ ಮಾತಿಲ್ಲ. ನನಗೆ ಸೊಸೆ ಇಲ್ಲ. ಬರೀ ಕೈಯಲ್ಲಿ ಹೋಗಿ ಕೂತ್ಕೊಂಡ ಹಾಗಾಗುತ್ತೆ.”

ಸರಿ, ಹುಡುಗಿಯಾಗಿದ್ದಾಗ ತಾತನ ಜೊತೆ ಚದುರಂಗ ಆಡುತ್ತಿದ್ದರಲ್ಲ ಎಂದು ನೆನಪಾಗಿ ಇದನ್ನು ಹಾಕಿಕೊಟ್ಟೆ. ಮುಂದಿನ ಭಾನುವಾರ ಹೋಗಿ “ಎಷ್ಟು ಆಟ ಆಡಿದ್ರಿ?” ಎಂದರೆ, ಒಂದೂ ಇಲ್ಲ! ಅದರ ಮುಂದಿನ ಭಾನುವಾರವೂ ಇಲ್ಲ! ವಾರಗಟ್ಟಲೆ ಅವರು ಸೆಟ್ಟಿಂಗ್ಸ್ ಎಂಬ ಒಂದೇ ಕೋಣೆಯಿಂದ ಹೊರಗೆ ಬಂದಿರಲಿಲ್ಲ.

“ಬಾಡಿಗೆ ಮನೆಗೆ ಹೋದ್ರೆ ಮೊದಲು ಯಾವ ಸ್ವಿಚ್ಚಿಗೆ ಯಾವ ದೀಪ ಅಂತ ನೋಡಲ್ವೇನೇ? ನೋಡದೆ ಹೋಗಿ ಮಲಗಿಬಿಡ್ತೀಯಾ?” ಎಂದು ನನ್ನನ್ನೇ ಕೇಳಿದರು.

ಮೊದಲು ಹಲಗೆಯ ಬಣ್ಣ. ಕಂದು ಹಾಕಿದರೆ ಹಳೆಯ ಆಫೀಸಿನ ಮೇಜಿನ ಹಾಗೆ ಕಾಣುತ್ತದಂತೆ. ಹಸಿರು ಹಾಕಿದರೆ ಆಸ್ಪತ್ರೆಯ ಪರದೆಯಂತೆ. ನೀಲಿ ಚೆನ್ನಾಗಿದೆಯಂತೆ, ಆದರೆ ಏಕಾದಶಿಯ ದಿನ ಬೇಡವಂತೆ! ಏಕಾದಶಿಗೂ ನೀಲಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ; ಕೇಳಿದ್ದರೆ ಉತ್ತರ ಇದ್ದೇ ಇರುತ್ತಿತ್ತು. ಆಮೇಲೆ ಕಾಯಿಗಳ ಆಕಾರ. ಒಂದು ಬಗೆಯ ಕುದುರೆಗೆ ಕುತ್ತಿಗೆ ಉದ್ದವಾಯಿತು, ಇನ್ನೊಂದು ಬಗೆಯ ಕುದುರೆ ಕಾಯಿಲೆ ಬಿದ್ದ ಹಾಗಿದೆ. ಮೂರನೆಯ ಬಗೆಯ ಕುದುರೆ ಅವರ ಹಳೆಯ ಸೆಕ್ಷನ್ ಆಫೀಸರನ್ನು ಹೋಲುತ್ತಿತ್ತು. ಅದನ್ನೇ ಆರಿಸಿಕೊಂಡರು. ಯಾಕೆ ಎಂದು ಕೇಳಿದೆ.

“ಸರ್ವೀಸ್ ಪೂರ್ತಿ ಅವರು ಹೇಳಿದ ಕಡೆ ನಾನು ಹೋಗಿದ್ದೇನೆ. ಈಗ ಅವರು ಹೋಗಲಿ” ಎಂದರು.

ಮೂರನೆಯದು ಭಾಷೆ. ಆ ಪಟ್ಟಿಯಲ್ಲಿ ಕೆಳಗೆ ಕೆಳಗೆ ಹೋದರೆ ಕನ್ನಡವೂ ಇದೆ! ಅತ್ತೆಯ ಸಂತೋಷಕ್ಕೆ ಪಾರವೇ ಇರಲಿಲ್ಲ. ಆದರೆ ಆ ಕನ್ನಡ ಯಾವ ಪುಣ್ಯಾತ್ಮರ ಅಥವಾ ಯಾವ ಯಂತ್ರದ ಅನುವಾದವೋ! ಒಂದು ದಿನ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಫೋನು ಬಂತು. ಕತ್ತರಿಸಿದೆ. ಮತ್ತೆ ಬಂತು. ಏನಾಯಿತೋ ಎಂದು ಹೊರಗೆ ಓಡಿ ಎತ್ತಿಕೊಂಡೆ.

“ಕುದುರೆ ನಡೆಸಿದ್ರೆ ರಬ್ಬರಿನ ಹಾಗೆ ವಾಪಸ್ ಬರ್ತಿದೆ ಕಣೇ. ಆನೆ ನಡೆಸಿದ್ರೂ ವಾಪಸ್. ಫೋನು ಕೆಟ್ಟಿದೆ.”

“ಅತ್ತೆ, ಪರದೆ ಮೇಲೆ ಏನಾದ್ರೂ ಬರೆದಿದೆಯಾ?”

“ಇದೆ. ‘ನಿಮ್ಮ ರಾಜ ಪರಿಶೀಲನೆಯಲ್ಲಿದ್ದಾನೆ’ ಅಂತ.”

ಚೆಕ್ ಎಂಬುದನ್ನು ಅನುವಾದ ಮಾಡಿದವರು ಪರಿಶೀಲನೆ ಮಾಡಿಬಿಟ್ಟಿದ್ದರು!

“ಅದು ಚೆಕ್ ಅತ್ತೆ! ರಾಜನಿಗೆ ಅಪಾಯ! ಮೊದಲು ಅವನನ್ನ ಪಾರು ಮಾಡಿ!”

“ಅಪಾಯ ಎಲ್ಲಿಂದ ಬಂತೇ? ಪರಿಶೀಲನೆಯಲ್ಲಿದೆ ಅಂದ್ರೆ ಇನ್ನು ವರ್ಷಗಟ್ಟಲೆ ಏನೂ ಆಗಲ್ಲ ಅಂತ ಅರ್ಥ. ನಾನು ನಿಶ್ಚಿಂತೆಯಾಗಿ ಬೇರೆ ಕಾಯಿ ನಡೆಸ್ತಿದ್ದೆ.”

ಎಷ್ಟು ವರ್ಷಗಳ ಅನುಭವದ ಮಾತು! ಇನ್ನೊಂದು ಗುಂಡಿಯ ಮೇಲೆ ‘ರಾಜೀನಾಮೆ’ ಎಂದಿತ್ತು. ಸೋಲೊಪ್ಪಿಕೊಂಡು ಆಟ ಮುಗಿಸುವ ಗುಂಡಿ ಅದು. ಅತ್ತೆ ಅದರ ಹತ್ತಿರಕ್ಕೂ ಬೆರಳು ಒಯ್ಯುತ್ತಿರಲಿಲ್ಲ. ಯಾವ ಕಾರಣಕ್ಕೂ ರಾಜೀನಾಮೆ ಕೊಡಬಾರದು, ಪಿಂಚಣಿ ಹೋಗುತ್ತದೆ ಎಂಬುದು ಅವರ ಖಚಿತ ಅಭಿಪ್ರಾಯ.

ಇವೆಲ್ಲ ಕಂಪ್ಯೂಟರಿನ ಜೊತೆ ಆಡಿದ ಅಭ್ಯಾಸದ ಆಟಗಳು; ದಾಖಲೆಗೆ ಸೇರುತ್ತಿರಲಿಲ್ಲ. ಅಭ್ಯಾಸ ಮಾಡುತ್ತಾ ಮಾಡುತ್ತಾ ಒಂದು ಭಾನುವಾರ ಅತ್ತೆಯ ಕಣ್ಣು ಇನ್ನೊಂದು ಸ್ವಿಚ್ಚಿನ ಮೇಲೆ ಬಿತ್ತು. ಕಾಲಾಳು ಎದುರಿನವರ ಕೊನೆಯ ಸಾಲು ಮುಟ್ಟಿದರೆ ತಾನಾಗಿಯೇ ಮಂತ್ರಿಯಾಗಿಬಿಡುವ ವ್ಯವಸ್ಥೆ. ‘ಸ್ವಯಂಚಾಲಿತ ಬಡ್ತಿ’ ಎಂದು ಅದರ ಹೆಸರು. ಅತ್ತೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು.

“ತಾನಾಗಿಯೇ ಬಡ್ತಿ! ಕಮಿಟಿ ಕೂರೋದು ಬೇಡ್ವಾ? ಸೀನಿಯಾರಿಟಿ ನೋಡೋದು ಬೇಡ್ವಾ? ನನಗೆ ಒಂದು ಬಡ್ತಿ ಬರೋ ಹೊತ್ತಿಗೆ ತಲೆ ಕೂದಲು ಬೆಳ್ಳಗಾಗಿತ್ತು!”

ತಕ್ಷಣ ಆ ಸ್ವಿಚ್ಚು ಬಂದ್! ಅಂದಿನಿಂದ ಯಾವ ಕಾಲಾಳು ಕೊನೆಯ ಸಾಲು ಮುಟ್ಟಿದರೂ ಏನಾಗಬೇಕು ಎಂದು ಆ್ಯಪು ಅತ್ತೆಯನ್ನು ಕೇಳಬೇಕು. ಮಂತ್ರಿ, ಆನೆ, ಒಂಟೆ, ಕುದುರೆ, ನಾಲ್ಕೂ ಚಿತ್ರ ಸಾಲಾಗಿ ಬರುತ್ತವೆ. ಲೋಕವೆಲ್ಲ ಕಣ್ಣು ಮುಚ್ಚಿ ಮಂತ್ರಿಯನ್ನು ಒತ್ತುತ್ತದೆ, ಅದೇ ಎಲ್ಲಕ್ಕಿಂತ ಬಲದ ಕಾಯಿ. ಅತ್ತೆ ಮಾತ್ರ ಬಹಳ ಯೋಚನೆ ಮಾಡಿ ಕುದುರೆಯನ್ನು ಒತ್ತಿದರು.

“ಅಯ್ಯೋ, ಮಂತ್ರಿ ತಗೋಬೇಕಿತ್ತು ಅತ್ತೆ!”

“ಎಲ್ಲರೂ ಮಂತ್ರಿ ಆದ್ರೆ ಕೆಲಸ ಮಾಡೋರು ಯಾರು?”

ದಿಲ್ಲಿಯಲ್ಲಿ ಇಷ್ಟು ವರ್ಷ ಇದ್ದವರ ಪ್ರಶ್ನೆ ಇದು!

ಇನ್ನು ಶಬ್ದದ ಸೆಟ್ಟಿಂಗಿನ ಕಥೆ. ಕಾಯಿ ಹೊಡೆದಾಗ ‘ಠಣ್’ ಎನ್ನುವುದನ್ನು ಅವರು ಎಷ್ಟು ಏರಿಸಬಹುದೋ ಅಷ್ಟು ಏರಿಸಿದ್ದರು. ಊರಿನಿಂದ ಬಂದ ದೂರದ ನೆಂಟರೊಬ್ಬರು ಚಾಣಕ್ಯಪುರಿಯಲ್ಲಿ ನಮ್ಮ ರಾಜ್ಯದವರ ಅತಿಥಿಗೃಹದಲ್ಲಿ ಇಳಿದುಕೊಂಡಿದ್ದರು. ಅವರನ್ನು ನೋಡಲು ನಾವಿಬ್ಬರೂ ಮೆಟ್ರೋದಲ್ಲಿ ಹೊರಟೆವು. ಹೆಂಗಸರ ಬೋಗಿ. ಅತ್ತೆ ಕೂತವರೇ ಫೋನು ತೆಗೆದು ಕಂಪ್ಯೂಟರಿನ ಜೊತೆ ಆಟ ಶುರು ಮಾಡಿದರು. ಒಂದು ಠಣ್ ಆಯಿತು. ಪಕ್ಕದ ಹುಡುಗಿ ಇಯರ್‌ಫೋನ್ ತೆಗೆದು ಇಣುಕಿದಳು. ಇನ್ನೊಂದು ಠಣ್. ನಿಂತಿದ್ದ ಇಬ್ಬರು ಬಗ್ಗಿದರು.

“ಆಂಟೀಜಿ, ಊಂಟ್ ಚಲಾಯಿಯೇ, ಊಂಟ್!” ಎಂದಿತು ಒಂದು ದನಿ. ಒಂಟೆ ನಡೆಸಿ ಎಂಬ ಸಲಹೆ.

“ಅರೇ ನಹೀಂ, ಹಾಥೀ!” ಎಂದರು ತರಕಾರಿ ಚೀಲ ಹಿಡಿದಿದ್ದ ಒಬ್ಬರು. ಅವರ ಮತ ಆನೆಗೆ.

ಎರಡು ಪಕ್ಷಗಳಾಗಿ ಹೋಯಿತು. ಒಂಟೆಯ ಪಕ್ಷದವರು ಆನೆಯ ಪಕ್ಷದವರನ್ನು ತಳ್ಳಿಕೊಂಡು ಮುಂದೆ ಬಂದರು. ಅತ್ತೆ ಇಬ್ಬರ ಮಾತನ್ನೂ ತಾಳ್ಮೆಯಿಂದ ಕೇಳಿ, “ಅಚ್ಛಾ, ಅಚ್ಛಾ” ಎಂದು ತಲೆಯಾಡಿಸಿ, ಕೊನೆಗೆ ರಾಜನನ್ನು ನಡೆಸಿದರು! ಅಷ್ಟರಲ್ಲಿ ನಾವು ಇಳಿಯಬೇಕಾದ ನಿಲ್ದಾಣ ಹಿಂದಾಗಿತ್ತು.

“ಇಳಿಯೋಣ ಅಂತ ಎಷ್ಟು ಸಲ ಕೈ ಜಗ್ಗಿದೆ ಅತ್ತೆ!”

“ಅಷ್ಟು ಜನ ನಿಂತು ನೋಡ್ತಿದ್ದಾರೆ, ಮಧ್ಯದಲ್ಲಿ ಎದ್ದು ಹೋದ್ರೆ ಚೆನ್ನಾಗಿರುತ್ತಾ? ಆ ತರಕಾರಿ ಚೀಲದೋರೂ ಅವರ ಸ್ಟೇಷನ್ ಬಿಟ್ಟಿದ್ದಾರೆ, ನೋಡು.”

ನಿಜವಾಗಿಯೂ ಬಿಟ್ಟಿದ್ದರು. ಅವರೂ ಅತ್ತೆಯೂ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಇಳಿದು, ವಾಪಸ್ ಹೋಗುವ ರೈಲಿನಲ್ಲಿ ಪಕ್ಕ ಪಕ್ಕ ಕೂತು ಬದನೆಕಾಯಿಯ ಬೆಲೆ ಮಾತಾಡಿದರು.

ಇಷ್ಟೆಲ್ಲ ಆದರೂ ಆ ಎರಡು ಸೊನ್ನೆಗಳ ಗುಟ್ಟು ನನಗೆ ತಿಳಿದದ್ದು ಬಹಳ ತಡವಾಗಿ. ಒಂದು ದಿನ ಅವರ ಆ ಪುಟವನ್ನು ಪೂರ್ತಿ ಓದಿದೆ. ಗೆಲುವು ಸೊನ್ನೆ, ಸೋಲು ಸೊನ್ನೆ, ಕೆಳಗೆ ಮೂರನೆಯ ಸಾಲಿನಲ್ಲಿ ‘ಚಿತ್ರಗಳು’ ಎಂದು ಬರೆದು ಎದುರಿಗೆ ಮೂರಂಕಿಯ ಸಂಖ್ಯೆ!

“ಇದೇನು ಅತ್ತೆ, ಚಿತ್ರಗಳು?”

“ನನಗೇನು ಗೊತ್ತೇ? ನಾನು ಅದರಲ್ಲಿ ಒಂದು ರಂಗೋಲೀನೂ ಬಿಡಿಸಿಲ್ಲ.”

ಒಂದು ಆಟ ಶುರು ಮಾಡಿ ತೋರಿಸಿ ಎಂದೆ. ಯಾರೋ ಅಪರಿಚಿತ ಎದುರಾಳಿ ಬಂದ. ಅತ್ತೆ ಕಾಯಿ ಮುಟ್ಟುವುದಕ್ಕೂ ಮೊದಲು, ಕೆಳಗಿದ್ದ ಎರಡು ಕೈಗಳು ಕುಲುಕುವ ಚಿತ್ರವನ್ನು ಒತ್ತಿದರು. ಎದುರಿನವನೂ ಒತ್ತಿದ. ಆಟ ಮುಗಿಯಿತು!

“ನೋಡು, ಇವನು ಮರ್ಯಾದಸ್ಥ. ನಮಸ್ಕಾರ ಮಾಡಿ ಹೋದ” ಎಂದರು ಅತ್ತೆ.

“ನಮಸ್ಕಾರ ಅಲ್ಲ ಅತ್ತೆ ಅದು! ಆಟ ಸಮ ಮಾಡ್ಕೊಳ್ಳೋಣ್ವಾ ಅಂತ ಕೇಳೋ ಗುಂಡಿ! ಡ್ರಾ! ಅದನ್ನೇ ಇವರು ಚಿತ್ರ ಅಂತ ಬರೆದಿರೋದು!”

“ಹಾಗಾದ್ರೆ ಕೆಲವರು ವಾಪಸ್ ಕೈ ಕೊಡಲ್ವಲ್ಲ?”

“ಅವರಿಗೆ ಆಡೋ ಮನಸ್ಸಿರುತ್ತೆ. ಅಂಥವರ ಜೊತೆ ನೀವು ಏನು ಮಾಡ್ತಿದ್ರಿ?”

“ಆಟ ರದ್ದು ಅಂತ ಒಂದಿದೆಯಲ್ಲ, ಅದನ್ನ ಒತ್ತಿ ಎದ್ದು ಬರ್ತಿದ್ದೆ. ನಮಸ್ಕಾರಕ್ಕೆ ನಮಸ್ಕಾರ ಹೇಳದೋರ ಜೊತೆ ಏನು ಆಟ?”

ನಾನು ನಕ್ಕು ನಕ್ಕು ಸೋಫಾದಿಂದ ಜಾರಿದೆ. ಅತ್ತೆ ನಗಲಿಲ್ಲ. ಆ ಮೂರಂಕಿಯ ಸಂಖ್ಯೆಯನ್ನೇ ನೋಡುತ್ತಾ, “ಅಂದ್ರೆ ಇಷ್ಟೂ ಜನ ಒಂದು ಮಾತೂ ಆಡದೆ ನನ್ನ ಜೊತೆ ರಾಜಿಯಾಗಿದ್ದಾರೆ. ಆಫೀಸಿನಲ್ಲಿ ಇಂಥ ಒಬ್ಬನೂ ಸಿಕ್ಕಿರಲಿಲ್ಲ ಬಿಡು” ಎಂದರು.

ಅದಾದ ಮೇಲೆ ಅತ್ತೆ ನಿಜವಾದ ಆಟಕ್ಕೆ ಇಳಿಯಲು ತೀರ್ಮಾನಿಸಿದರು. ಗಡಿಯಾರ ಟಿಕ್ ಟಿಕ್ ಎನ್ನುವ ಆಟ ಬೇಡವೆಂದರು; ಕುಕ್ಕರ್ ಕೂಗಿದಂತೆ ಗಾಬರಿಯಾಗುತ್ತದಂತೆ. ಮೆನುವಿನ ತಳ ಜಾಲಾಡಿ ‘ನಿಧಾನ ಆಟ’ ಎಂಬುದನ್ನು ಕಂಡುಹಿಡಿದರು. ಅದರಲ್ಲಿ ಒಂದು ನಡೆಗೆ ಮೂರು ದಿನ ಸಮಯ! “ಇದು ನಮ್ಮ ಸೆಕ್ಷನ್ನಿನ ವೇಗ” ಎಂದು ಅವರ ಮುಖ ಅರಳಿತು.

ಆ ನಿಧಾನ ಆಟಕ್ಕೆ ಸಿಕ್ಕವನು ‘ಆಧಾ ಪರಾಠಾ’ ಎಂದು ಹೆಸರಿಟ್ಟುಕೊಂಡಿದ್ದ ಯಾರೋ ಒಬ್ಬ. ಹೆಸರಿನ ಅರ್ಥ ಅರ್ಧ ಪರಾಠಾ. ಊರು ಯಾವುದೋ, ವಯಸ್ಸೆಷ್ಟೋ, ನಮಗೆ ಗೊತ್ತಿಲ್ಲ. ಅವನಿಗೆ ಮಾತ್ರ ಇವರು ಯಾರೆಂದು ಗೊತ್ತಾಗಿಬಿಟ್ಟಿತ್ತು. ತಮ್ಮ ಭಾವಚಿತ್ರದ ಜಾಗದಲ್ಲಿ ಅತ್ತೆ ‘ಶುಭೋದಯ’ ಎಂದು ಬರೆದ ದಾಸವಾಳದ ಚಿತ್ರ ಹಾಕಿದ್ದರು, ಇನ್ನೇನು ಬೇಕು? ಮೊದಲ ದಿನವೇ “ನಮಸ್ತೇ ಆಂಟೀಜಿ” ಎಂದು ಬರೆದ. ಅತ್ತೆ ಕರಗಿಹೋದರು.

ಅಂದಿನಿಂದ ನನ್ನ ಭಾನುವಾರದ ಊಟಕ್ಕೆ ಪರಾಠಾನ ಸಮಾಚಾರವೇ ಉಪ್ಪಿನಕಾಯಿ. “ಪರಾಠಾ ಇವತ್ತು ಆನೆ ಮುಂದಕ್ಕೆ ತಂದ.” “ಪರಾಠಾನಿಗೆ ಶೀತವಂತೆ, ಶುಂಠಿ ಕಷಾಯ ಹೇಳಿದೆ.” “ಪರಾಠಾ ಬೆಳಿಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಒಂದು ನಡೆ ನಡೆಸಿ ಹೋಗ್ತಾನೆ, ಅಚ್ಚುಕಟ್ಟು ಹುಡುಗ.” ನಾನು ಹಲಗೆ ನೋಡಿದೆ. ಆಶ್ಚರ್ಯ! ಅತ್ತೆಯ ಕೈ ಮೇಲಾಗಿತ್ತು. ಅವನ ಎರಡೂ ಆನೆ ಹೋಗಿದ್ದವು. ತಾತ ಕಲಿಸಿದ್ದು ಎಲ್ಲೂ ಹೋಗಿರಲಿಲ್ಲ.

ಚಳಿ ಶುರುವಾಗಿತ್ತು. ಬಾಲ್ಕನಿಯ ಬಿಸಿಲಿನಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆವು. ಅತ್ತೆಯ ಫೋನು ಗುಂಯ್ ಎಂದಿತು. ನಾನು ಓದಿದೆ: ಎದುರಾಳಿಯ ಸಮಯ ಮುಗಿಯುತ್ತಾ ಬಂದಿದೆ, ಅವರು ನಡೆಸದಿದ್ದರೆ ಗೆಲುವು ನಿಮ್ಮದು.

“ಅತ್ತೆ! ಗೆದ್ದೇ ಬಿಟ್ರಿ!”

“ಮೂರು ದಿನದಿಂದ ಅವನು ಬಂದಿಲ್ಲ” ಎಂದರು ಅತ್ತೆ. ಫೋನು ನನ್ನ ಕೈಯಿಂದ ತೆಗೆದುಕೊಂಡು, ಮೂಲೆಯ ಮೂರು ಚುಕ್ಕಿ ಒತ್ತಿ, ಒಂದರ ಒಳಗೆ ಇನ್ನೊಂದು ಎಂದು ಎಲ್ಲೆಲ್ಲೋ ಹೋಗಿ ಏನನ್ನೋ ಒತ್ತಿದರು. ‘ಎದುರಾಳಿಗೆ ಒಂದು ದಿನದ ಕಾಲಾವಕಾಶ ನೀಡಲಾಗಿದೆ’ ಎಂದು ಬಂತು. ಹಾಗೊಂದು ಸೌಲಭ್ಯ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಪ್ರತಿ ಮೆನುವನ್ನೂ ಕೊನೆಯವರೆಗೆ ಓದಿದವರಿಗೆ ಬಿಟ್ಟು ಬೇರೆ ಯಾರಿಗೆ ತಾನೇ ಗೊತ್ತಿರುತ್ತದೆ?

ಮಾರನೆಯ ದಿನವೂ ಅವನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಒಮ್ಮೆಗೆ ಒಂದೇ ದಿನ ಕೊಡಲು ಸಾಧ್ಯ. ಹಾಗಾಗಿ ಅತ್ತೆ ದಿನಾ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಆ ಮೂರು ಚುಕ್ಕಿಗಳಿಂದ ಒಳಗೆ ಹೋಗಿ ಒಂದು ದಿನ ಕೊಟ್ಟು ಬರುವರು. ಒಂದು ಭಾನುವಾರ ಹೋಯಿತು, ಇನ್ನೊಂದು ಹೋಯಿತು. ಅತ್ತೆ ಬಣ್ಣ ಬದಲಾಯಿಸುವುದನ್ನು ಬಿಟ್ಟರು. ಠಣ್ ಶಬ್ದವನ್ನು ಬಂದ್ ಮಾಡಿದರು. ಹುಳಿಗೆ ಎರಡು ಸಲ ಉಪ್ಪು ಬಿತ್ತು.

“ಅತ್ತೆ, ಸೋಲ್ತೀನಿ ಅಂತ ಗೊತ್ತಾಗಿ ಓಡಿಹೋಗಿರ್ತಾನೆ. ಆ್ಯಪೇ ತೆಗೆದುಹಾಕಿರ್ತಾನೆ. ಬಿಟ್ಟುಬಿಡಿ” ಎಂದೆ.

“ಇರಬಹುದು” ಎಂದು ಒಂದು ದಿನ ಕೊಟ್ಟರು.

“ಮತ್ತೆ ಯಾಕೆ ಕೊಡ್ತೀರಿ?”

“ಏನಾದ್ರೂ ಆಗಿದ್ರೆ? ಪಾಪ, ಯಾವಾಗಲೋ ಬಂದು ನೋಡಿದಾಗ ಬಾಗಿಲು ಹಾಕಿರಬಾರದು ಕಣೇ.” ಇದ್ದಕ್ಕಿದ್ದಂತೆ ಸಿಡುಕಿದರು. “ಇಷ್ಟೊಂದು ಸೆಟ್ಟಿಂಗ್ಸ್ ಇಟ್ಟಿದ್ದಾರೆ! ಕುದುರೆ ಬಾಲದ ಬಣ್ಣಕ್ಕೂ ಒಂದಿದೆ. ಎದುರಿಗೆ ಕೂತೋನು ಹೇಗಿದ್ದಾನೆ ಅಂತ ತಿಳ್ಕೊಳ್ಳೋಕೆ ಒಂದೇ ಒಂದು ಗುಂಡಿ ಇಟ್ಟಿಲ್ಲ!”



ಮಂಜು ಕಡಿಮೆಯಾಗಿ ಬಿಸಿಲಿಗೆ ಖಾರ ಬರುವ ಹೊತ್ತಿಗೆ, ಒಂದು ಭಾನುವಾರ ಮಧ್ಯಾಹ್ನ, ನಾವು ಊಟಕ್ಕೆ ಕೂತಿದ್ದೆವು. ಫೋನು ಗುಂಯ್ ಎಂದಿತು. ಎಂಜಲು ಕೈಯಲ್ಲಿ ಫೋನು ಮುಟ್ಟದ ಅತ್ತೆ ಎಡಗೈಯಲ್ಲಿ ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದರು. ಹಿಡಿದವರು ಹಾಗೇ ಇದ್ದರು. ನಾನು ಎದ್ದು ಅವರ ಹಿಂದೆ ಹೋಗಿ ಓದಿದೆ. ಹಿಂದಿಯಲ್ಲಿತ್ತು. ಆಂಟೀಜಿ, ಅಪ್ಪ ಹೋಗಿಬಿಟ್ಟರು. ಊರಿನಲ್ಲಿದ್ದೆ, ಫೋನು ನೋಡುವ ಸ್ಥಿತಿಯಲ್ಲಿರಲಿಲ್ಲ. ಇವತ್ತು ತೆರೆದರೆ ಎಲ್ಲ ಆಟಗಳೂ ಮುಗಿದುಹೋಗಿವೆ, ಇದೊಂದು ಇನ್ನೂ ನಡೆಯುತ್ತಿದೆ. ಹೇಗೆ?

ಅತ್ತೆ ಎದ್ದು ಕೈ ತೊಳೆದು ಬಂದರು. ಕನ್ನಡಕ ಹಾಕಿಕೊಂಡರು. ಟೈಪಿಂಗಿನಲ್ಲಿ ಇಡೀ ಕಚೇರಿಗೆ ಮೊದಲಿಗರಾಗಿದ್ದ ಅವರು ಒಂದು ಬೆರಳಿನಲ್ಲಿ, ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಇಷ್ಟು ಕಳಿಸಿದರು: “ಬೇಟಾ, ಖಾನಾ ಖಾಯಾ?” ಊಟ ಮಾಡಿದೆಯಾ ಮಗು, ಎಂದು.

ಉತ್ತರ ಬರಲು ತಡವಾಯಿತು. ತಿಂದೆ ಎಂದ. ಆಮೇಲೆ ಒಂದು ಕಾಯಿ ನಡೆಸಿದ.

ನಾನು ಬಗ್ಗಿ ನೋಡಿದೆ. ಅವನ ಗಮನ ಅಲ್ಲಿ ಇಲ್ಲವೆಂದು ಚದುರಂಗ ಬಾರದವರಿಗೂ ತಿಳಿಯುತ್ತಿತ್ತು. ಅವನಿಗೆ ಉಳಿದಿದ್ದ ಒಂದೇ ದೊಡ್ಡ ಕಾಯಿ ಅವನ ಮಂತ್ರಿ. ಅದನ್ನು ತಂದು ಅತ್ತೆಯ ಕುದುರೆ ಒಂದೇ ನೆಗೆತಕ್ಕೆ ಹೊಡೆಯುವ ಮನೆಯಲ್ಲಿ ನಿಲ್ಲಿಸಿದ್ದ.

“ಅತ್ತೆ, ಮಂತ್ರಿ! ಕುದುರೆಯಿಂದ ಹೊಡೀರಿ!”

ಅವರಿಗೂ ಕಂಡಿತ್ತು. ಬೆರಳು ಕುದುರೆಯ ಮೇಲೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಹಿಂದಕ್ಕೆ ಬಂತು.

“ಇವತ್ತು ಅವನ ಹತ್ರ ಏನೂ ಕಿತ್ಕೊಳ್ಳೋದು ಬೇಡ ಕಣೇ” ಎಂದರು ಅತ್ತೆ. ಮೂಲೆಯ ಒಂದು ಕಾಲಾಳನ್ನು ಒಂದೇ ಒಂದು ಮನೆ ಮುಂದಕ್ಕೆ ಸರಿಸಿದರು.